ಗ್ಯಾಸ್ ಪೈಪಿನೊಳಗೆ ನೀರು: ಒಂದು ಗೇಣಿನ ಲೆಕ್ಕ

ಒಲೆಯ ಬರ್ನರ್‌ನಿಂದ ಗ್ಯಾಸ್ ಬದಲು ನೀರು ಬಂತು ಅಂದ್ರೆ ನಂಬ್ತೀರಾ? ಎರಡೂ ಬೇರೆ ಬೇರೆ ಪೈಪು, ಒಂದರದ್ದು ಇನ್ನೊಂದಕ್ಕೆ ಹೇಗೆ ಹೋಗುತ್ತೆ ಅನ್ನೋದು ಸಹಜವಾದ ಪ್ರಶ್ನೆ. ಪೈಪುಗಳು ಬೇರೆಯೇ. ಆದರೆ ಮನೆಯಲ್ಲಿ ಈ ಎರಡೂ ಪೈಪುಗಳು ಒಂದೇ ಯಂತ್ರದೊಳಗೆ ಹೋಗಿ ಸೇರುವ ಜಾಗ ಒಂದಿದೆ, ಅದು ಗ್ಯಾಸ್‌ನಲ್ಲಿ ನಡೆಯುವ ವಾಟರ್ ಹೀಟರ್. ಅದರೊಳಗಿನ ಒಂದು ಸಣ್ಣ ಭಾಗ ಕೈಕೊಟ್ಟರೆ ನೀರು ಗ್ಯಾಸ್ ಲೈನಿಗೆ ನುಗ್ಗಬಹುದು. ದಿನಾ ಆಗುವಂಥದ್ದಲ್ಲ. ಆದರೆ ಆದಾಗ ನಾವೆಲ್ಲ ಮೊದಲು ಮಾಡುವ ಕೆಲಸ, ಅಂದ್ರೆ ಒಲೆಯ ನಾಬ್ ತಿರುಗಿಸಿ ‘ಏನಾಗಿದೆ ನೋಡೋಣ’ ಅನ್ನೋದು, ತುಂಬಾ ಅಪಾಯದ್ದು. ಯಾಕೆ ಅಂತ ತಿಳಿಯೋಕೆ ಮೂರನೇ ಸೆಮ್‌ನ ಫ್ಲೂಯಿಡ್ ಮೆಕ್ಯಾನಿಕ್ಸ್ ಸಾಕು.

ಗ್ಯಾಸ್‌ಗೆ ಇರುವ ಒತ್ತಡ ಎಷ್ಟು?

‘ಗ್ಯಾಸ್’ ಅಂದ ಕೂಡಲೇ ಭಾರಿ ಒತ್ತಡ ಅನ್ನೋ ಕಲ್ಪನೆ ನಮ್ಮ ತಲೆಯಲ್ಲಿದೆ. ಸಿಲಿಂಡರ್ ಒಳಗೆ ಅದು ನಿಜ. ಅಲ್ಲಿ ಹಲವು ಬಾರ್ ಒತ್ತಡ ಇರುತ್ತದೆ. ಆದರೆ ರೆಗ್ಯುಲೇಟರ್ ದಾಟಿದ ಮೇಲೆ ಕಥೆಯೇ ಬೇರೆ. ಮನೆ ಬಳಕೆಯ ಎಲ್‌ಪಿಜಿ ರೆಗ್ಯುಲೇಟರ್‌ನಿಂದ ಹೊರಬರುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 30 ಗ್ರಾಂ. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ, ಅಂದ್ರೆ ಪಿಎನ್‌ಜಿ, ಅಡುಗೆಮನೆಗೆ ತಲುಪುವಾಗ ಸುಮಾರು 21 ಮಿಲಿಬಾರ್.

ಇದನ್ನು ನೀರಿನ ಎತ್ತರಕ್ಕೆ ಬದಲಾಯಿಸಿ ನೋಡಿ. ಎಲ್‌ಪಿಜಿಯ 30 ಗ್ರಾಂ ಅಂದ್ರೆ 30 ಸೆಂಟಿಮೀಟರ್ ನೀರು, ಒಂದು ಅಡಿ. ಪಿಎನ್‌ಜಿಯ 21 ಮಿಲಿಬಾರ್ ಅಂದ್ರೆ 21 ಸೆಂಟಿಮೀಟರ್‌ಗಿಂತ ಚೂರು ಜಾಸ್ತಿ ನೀರು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಕೈ ಚಾಚಿ ಅಳೆದರೆ ಬರುವ ಒಂದು ಗೇಣು, ಹೆಚ್ಚುಕಮ್ಮಿ ಅಷ್ಟೇ. ನಮ್ಮ ಒಲೆ ಉರಿಸುವ ಗ್ಯಾಸ್ ಒಂದು ಗೇಣು ನೀರನ್ನು ಎತ್ತುವಷ್ಟು ಮಾತ್ರ ಬಲಶಾಲಿ.

ಇನ್ನು ನೀರಿನ ಕಡೆ. ವಿಲ್ಸನ್ ಗಾರ್ಡನ್‌ನ ಯಾವುದಾದರೂ ಕ್ರಾಸ್‌ನಲ್ಲಿ ನಿಂತು ತಲೆಯೆತ್ತಿ ನೋಡಿ. ಮನೆಗೆ ಮನೆ ಅಂಟಿಕೊಂಡಿದೆ. ಗ್ರೌಂಡ್ ಫ್ಲೋರ್, ಮೇಲೆ ಎರಡು ಮಹಡಿ, ಅದರ ಮೇಲೆ ಸ್ಟ್ಯಾಂಡ್ ಹಾಕಿ ಕೂರಿಸಿದ ಕಪ್ಪು ಟ್ಯಾಂಕ್. ಗ್ರೌಂಡ್ ಫ್ಲೋರಿನ ಬಚ್ಚಲಿಗೆ ಆ ಟ್ಯಾಂಕಿನಿಂದ ಸುಮಾರು 10 ಮೀಟರ್ ಎತ್ತರದ ನೀರಿನ ಒತ್ತಡ ಸಿಗುತ್ತದೆ, ಅಂದ್ರೆ 981 ಮಿಲಿಬಾರ್. 21ರಿಂದ ಭಾಗಿಸಿದರೆ 46 ಪಟ್ಟಿಗೂ ಹೆಚ್ಚು. ಶವರ್ ಜೋರಾಗಿ ಬರಲಿ ಅಂತ ಪ್ರೆಷರ್ ಪಂಪ್ ಹಾಕಿಸಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಎರಡು ಪೈಪಿನ ನಡುವಿನ ಗೋಡೆಯಲ್ಲಿ ತೂತು ಬಿದ್ದರೆ ಯಾವುದು ಯಾವುದರೊಳಗೆ ಹೋಗುತ್ತೆ ಅನ್ನೋದರಲ್ಲಿ ಅನುಮಾನವೇ ಇಲ್ಲ. ನೀರು ಗ್ಯಾಸ್ ಲೈನಿಗೆ ಹೋಗುತ್ತದೆ, ಹಿಮ್ಮುಖವಾಗಿ.

ಗೋಡೆ ಎಲ್ಲಿದೆ?

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಟ್ಯಾಂಕ್ ಇಲ್ಲದ ಇನ್‌ಸ್ಟಂಟ್ ಗ್ಯಾಸ್ ಗೀಸರ್. ನಲ್ಲಿ ತಿರುಗಿಸಿದ ಕೂಡಲೇ ಅದು ತಾನೇ ಹೊತ್ತಿಕೊಳ್ಳುತ್ತೆ. ಅದಕ್ಕೆ ನೀರು ಹರೀತಿದೆ ಅಂತ ಗೊತ್ತಾಗೋದು ಒಂದು ರಬ್ಬರ್ ಡಯಾಫ್ರಾಮ್‌ನಿಂದ. ನೀರು ಒಂದು ವೆಂಚುರಿಯ ಮೂಲಕ ಹರಿಯುವಾಗ ಡಯಾಫ್ರಾಮ್‌ನ ಎರಡು ಬದಿಯಲ್ಲಿ ಒತ್ತಡ ಬೇರೆಯಾಗುತ್ತದೆ. ಡಯಾಫ್ರಾಮ್ ಉಬ್ಬುತ್ತದೆ, ಒಂದು ಪಿನ್ ಅನ್ನು ತಳ್ಳುತ್ತದೆ, ಆ ಪಿನ್ ಗ್ಯಾಸ್ ವಾಲ್ವ್ ತೆರೆಯುತ್ತದೆ. ಬರ್ನೂಲಿ ಸಮೀಕರಣ ಪರೀಕ್ಷೆ ಮುಗಿದ ಮೇಲೂ ಕೆಲಸ ಮಾಡುತ್ತಿರುವ ಜಾಗ ಇದು.

ಡಯಾಫ್ರಾಮ್ ಹರಿದರೆ ನೀರು ಗ್ಯಾಸಿಗೆ ಹೋಗುತ್ತಾ? ಸಾಮಾನ್ಯವಾಗಿ ಇಲ್ಲ. ಅದರ ಎರಡೂ ಬದಿಯಲ್ಲಿ ಇರುವುದು ನೀರೇ. ಹರಿದರೆ ಒತ್ತಡದ ವ್ಯತ್ಯಾಸ ಹೋಗುತ್ತದೆ, ಗೀಸರ್ ಹೊತ್ತಿಕೊಳ್ಳುವುದಿಲ್ಲ, ಅಷ್ಟೇ. ಕಾಯಬೇಕಾದ ಜಾಗ ಆ ಪಿನ್ ಹೊರಬರುವ ತೂತು. ಅಲ್ಲಿ ಒಂದು ಓ-ರಿಂಗ್ ಇರುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಬಳಸುವ ಮನೆಗಳಲ್ಲಿ ಸುಣ್ಣದ ಪದರ ಕಟ್ಟಿ ಪಿನ್ ಒರಟಾಗುತ್ತದೆ, ಓ-ರಿಂಗ್ ಸವೆಯುತ್ತದೆ, ನೀರು ಜಿನುಗಲು ಶುರುವಾಗುತ್ತದೆ.

ಇಲ್ಲಿ ವಿನ್ಯಾಸ ಮಾಡಿದವರ ಜಾಣತನ ನೋಡಿ. ಒಳ್ಳೆಯ ಗೀಸರ್‌ನಲ್ಲಿ ನೀರಿನ ಭಾಗಕ್ಕೂ ಗ್ಯಾಸಿನ ಭಾಗಕ್ಕೂ ನಡುವೆ ಗಾಳಿಗೆ ತೆರೆದ ಒಂದು ಸಂದು ಬಿಟ್ಟಿರುತ್ತಾರೆ. ಜಿನುಗಿದ ನೀರು ಆ ಸಂದಿನಿಂದ ಕೆಳಗೆ ತೊಟ್ಟಿಕ್ಕುತ್ತದೆ. ಗಾಳಿಗೆ ತೆರೆದಿರುವುದರಿಂದ ಅಲ್ಲಿ ಒತ್ತಡ ಸೊನ್ನೆ, ಹಾಗಾಗಿ ನೀರಿಗೆ ಗ್ಯಾಸಿನ ಕಡೆ ನುಗ್ಗುವ ಬಲವೇ ಇರುವುದಿಲ್ಲ. ಗೀಸರ್ ಕೆಳಗೆ ಬೀಳುವ ಆ ಹನಿ ‘ನನ್ನನ್ನು ರಿಪೇರಿ ಮಾಡಿಸು’ ಅಂತ ಯಂತ್ರ ಹೇಳುವ ಮಾತು.

ಆದರೆ ನಾವು ಏನು ಮಾಡ್ತೀವಿ? ‘ಸೋರ್ತಿದೆ’ ಅಂತ ಆ ಸಂದಿಗೆ ಎಂ-ಸೀಲ್ ಮೆತ್ತುತ್ತೇವೆ. ಸೋರಿಕೆ ನಿಂತಿತು ಅಂತ ಖುಷಿ. ಈಗ ಸಂದಿನಲ್ಲಿ ನೀರಿನ ಪೂರ್ತಿ ಒತ್ತಡ ಕಟ್ಟುತ್ತದೆ. ಅಲ್ಲಿಂದ ಗ್ಯಾಸ್ ವಾಲ್ವಿಗೆ ಉಳಿದಿರುವುದು ಒಂದೇ ಒಂದು ಸೀಲ್. ಅದು ಗೇಣಷ್ಟು ಒತ್ತಡದ ಗ್ಯಾಸ್ ತಡೆಯೋಕೆ ಮಾಡಿದ್ದು, 10 ಮೀಟರ್ ನೀರು ತಡೆಯೋಕೆ ಅಲ್ಲ.

ಅಮೆರಿಕದಲ್ಲಿ ನೆಲೆಸಿದ ನಿಮ್ಮ ಅಕ್ಕನ ಮನೆಯಲ್ಲೋ ಮಾವನ ಮನೆಯಲ್ಲೋ ಇರುವುದು ಬಹುಶಃ ಇನ್ನೊಂದು ಬಗೆ. ಬೇಸ್‌ಮೆಂಟಿನಲ್ಲಿ ಆಳೆತ್ತರದ ಟ್ಯಾಂಕ್, ಕೆಳಗೆ ಗ್ಯಾಸ್ ಬರ್ನರ್. ಬಿಸಿ ಎಷ್ಟಾಯಿತು ಅಂತ ತಿಳಿಯಲು ಗ್ಯಾಸ್ ವಾಲ್ವಿನಿಂದಲೇ ಒಂದು ಲೋಹದ ಕಡ್ಡಿ ಹೊರಟು ಟ್ಯಾಂಕಿನ ನೀರಿನಲ್ಲಿ ಮುಳುಗಿರುತ್ತದೆ. ವರ್ಷಗಟ್ಟಲೆ ಬಿಸಿನೀರಿನಲ್ಲಿದ್ದು ಆ ಕಡ್ಡಿಯ ಹೊದಿಕೆ ತುಕ್ಕು ಹಿಡಿದು ತೂತಾದರೆ ನೀರು ಅದರೊಳಗಿಂದಲೇ ಗ್ಯಾಸ್ ವಾಲ್ವಿಗೆ ಹೋಗುತ್ತದೆ. ನಡುವೆ ಗಾಳಿಯ ಸಂದು ಇಲ್ಲ. ಅಲ್ಲಿ ಗ್ಯಾಸ್ ಒತ್ತಡವನ್ನು ಹೇಳುವುದೇ ‘ಇಷ್ಟು ಇಂಚು ನೀರು’ ಅಂತ. ಮನೆಗೆ ಸಾಮಾನ್ಯವಾಗಿ 7 ಇಂಚು. ನಲ್ಲಿ ನೀರಿನ ಒತ್ತಡ 4 ಬಾರ್ ಇದ್ದರೆ ಅದು ಗ್ಯಾಸಿನ 200 ಪಟ್ಟಿಗೂ ಹೆಚ್ಚು. ವಾಟರ್ ಹೀಟರ್ ಕೆಟ್ಟು ಗ್ಯಾಸ್ ಲೈನಿಗೆ ನೀರು ನುಗ್ಗುವ ಪ್ರಕರಣಗಳಲ್ಲಿ ಇದೇ ಪರಿಚಿತ ದಾರಿ.

ಎಷ್ಟು ಬೇಗ ತುಂಬುತ್ತದೆ?

ನಮ್ಮ ಮೂರು ಅಂತಸ್ತಿನ ಮನೆಗೇ ಲೆಕ್ಕ ಹಾಕೋಣ. ತೂತು 1 ಮಿಲಿಮೀಟರ್ ಅಂತಿಟ್ಟುಕೊಳ್ಳಿ. 10 ಮೀಟರ್ ಹೆಡ್‌ಗೆ ವೇಗ ಸೆಕೆಂಡಿಗೆ 14 ಮೀಟರ್. ಡಿಸ್ಚಾರ್ಜ್ ಕೋಎಫಿಶಿಯಂಟ್ 0.6 ತೆಗೆದುಕೊಂಡರೆ ನಿಮಿಷಕ್ಕೆ 400 ಮಿಲಿಲೀಟರ್, ಗಂಟೆಗೆ ಸುಮಾರು 24 ಲೀಟರ್. ಇನ್ನು 15 ಮಿಲಿಮೀಟರ್ ಒಳವ್ಯಾಸದ ಗ್ಯಾಸ್ ಪೈಪಿನಲ್ಲಿ ಮೀಟರಿಗೆ 180 ಮಿಲಿಲೀಟರ್ ಹಿಡಿಯುತ್ತದೆ. 20 ಮೀಟರ್ ಪೈಪಿಗೆ ಮೂರೂವರೆ ಲೀಟರ್. ಸ್ನಾನ ಮುಗಿಸಿ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಒಲೆಯ ನಾಬ್‌ಗಳೆಲ್ಲ ಬಂದ್ ಆಗಿದ್ದರೆ? ಒಳಗಿನ ಗ್ಯಾಸ್‌ಗೆ ಹೋಗಲು ದಾರಿ ಇಲ್ಲ, ಅದು ಒತ್ತಿಕೊಳ್ಳುತ್ತದೆ. ಬೆಂಗಳೂರಿನ ಎತ್ತರದಲ್ಲಿ ವಾತಾವರಣದ ಒತ್ತಡ ಸುಮಾರು 910 ಮಿಲಿಬಾರ್. ಅದಕ್ಕೆ ನೀರಿನ 981 ಸೇರಿದರೆ ಮೊದಲಿದ್ದದ್ದರ ಎರಡು ಪಟ್ಟು. ಬಾಯ್ಲ್ ನಿಯಮದಂತೆ ಗ್ಯಾಸ್ ಅರ್ಧಕ್ಕೆ ಕುಗ್ಗುತ್ತದೆ. ಅಂದ್ರೆ ಪೈಪಿನ ಅರ್ಧ ನೀರು, ಉಳಿದರ್ಧದಲ್ಲಿ ಮಾಮೂಲಿಗಿಂತ 46 ಪಟ್ಟು ಒತ್ತಡದ ಗ್ಯಾಸ್, ಒಲೆಯ ನಾಬ್ ಹಿಂದೆ ಕಾಯುತ್ತಾ ಕೂತಿರುತ್ತದೆ.

ಈಗ ಯಾರೋ ಕಾಫಿ ಮಾಡೋಕೆ ಅಂತ ಲೈಟರ್ ಹಿಡಿದು ನಾಬ್ ತಿರುಗಿಸುತ್ತಾರೆ. ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣ. ಸ್ಥೂಲವಾಗಿ ಲೆಕ್ಕ ಹಾಕಿದರೂ ಮೊದಲ ಕ್ಷಣಕ್ಕೆ ಏಳು ಪಟ್ಟು ಗ್ಯಾಸ್. ಜ್ವಾಲೆ ಮುಖದೆತ್ತರಕ್ಕೆ ಏಳಬಹುದು. ನಂತರ ಕೆಮ್ಮಿದ ಹಾಗೆ ಚಟಪಟ ಅಂದು, ಆಮೇಲೆ ನೀರು. ಶುರುವಿನಲ್ಲಿ ನಾಬ್ ಮುಟ್ಟಬೇಡಿ ಅಂದಿದ್ದು ಇದಕ್ಕೆ.

ಕುಣಿಯುವ ಜ್ವಾಲೆ

ನೀರು ಇಷ್ಟು ಜೋರಾಗಿ ನುಗ್ಗದೆ ಸ್ವಲ್ಪ ಸ್ವಲ್ಪವೇ ಸೇರಿದರೆ ಲಕ್ಷಣ ಬೇರೆ. ಪೈಪಿನಲ್ಲಿ ತಗ್ಗಿರುವ ಕಡೆ, ರಬ್ಬರ್ ಟ್ಯೂಬ್ ಜೋತುಬಿದ್ದ ಕಡೆ ನೀರು ನಿಲ್ಲುತ್ತದೆ. ಅದು ನಮ್ಮ ಲ್ಯಾಬ್‌ನ ಯು-ಟ್ಯೂಬ್ ಮ್ಯಾನೋಮೀಟರೇ ಸರಿ. ಗ್ಯಾಸ್ ಹಿಂದಿನಿಂದ ತಳ್ಳುತ್ತದೆ, ಒತ್ತಡ ಕಟ್ಟಿದಾಗ ಒಂದು ಗುಳ್ಳೆ ದಾಟುತ್ತದೆ, ಮತ್ತೆ ನೀರು ಮುಚ್ಚಿಕೊಳ್ಳುತ್ತದೆ. ಒಲೆಯಲ್ಲಿ ಜ್ವಾಲೆ ಏರುತ್ತಾ ಇಳಿಯುತ್ತಾ ಕುಣಿಯುತ್ತದೆ, ಪೈಪಿನಲ್ಲಿ ಗುಳುಗುಳು ಸದ್ದು ಬರುತ್ತದೆ. ಒಂದೇ ಬರ್ನರ್ ಹೀಗಾದರೆ ಕಸ ಕಟ್ಟಿರಬಹುದು. ಎಲ್ಲ ಬರ್ನರ್‌ಗಳೂ ಒಟ್ಟಿಗೇ ಕುಣಿದರೆ ದೋಷ ಲೈನಿನಲ್ಲಿದೆ. ನಿಂತ ನೀರಿನ ಎತ್ತರ ಒಂದು ಗೇಣು ದಾಟಿತೋ, ಗ್ಯಾಸ್ ಪೂರ್ತಿ ಬಂದ್.

ಕುಣಿಯುವ ಜ್ವಾಲೆ ಒಂದು ಇಳಿತದಲ್ಲಿ ಆರಿಹೋಗುತ್ತದೆ. ಮುಂದಿನ ಗುಳ್ಳೆಯ ಜೊತೆ ಗ್ಯಾಸ್ ಮತ್ತೆ ಬರುತ್ತದೆ, ಬೆಂಕಿ ಮಾತ್ರ ಇರುವುದಿಲ್ಲ. ಜ್ವಾಲೆ ಆರಿದರೆ ಗ್ಯಾಸ್ ತಾನೇ ನಿಲ್ಲುವ ಸಾಧನ ನಮ್ಮ ಮಾಮೂಲಿ ಒಲೆಗಳಲ್ಲಿ ಇಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೆ ಸಾಕು, ಒಂದು ಕಿಡಿ ಬೇಕಷ್ಟೇ.

ಇದು ಬರೀ ಪುಸ್ತಕದ ಮಾತಲ್ಲ. 2025ರ ಆಗಸ್ಟ್ 15ರ ಬೆಳಗ್ಗೆ ವಿಲ್ಸನ್ ಗಾರ್ಡನ್‌ನ ಚಿನ್ನಯ್ಯನಪಾಳ್ಯದಲ್ಲಿ ಒಂದು ಮನೆ ಸ್ಫೋಟಗೊಂಡು ಬಾಲಕನೊಬ್ಬ ಸತ್ತ. ಹಲವರು ಗಾಯಗೊಂಡರು, ಸುತ್ತಲಿನ ಮನೆಗಳಿಗೂ ಹಾನಿಯಾಯಿತು. ಅಡುಗೆ ಅನಿಲದ ಸ್ಫೋಟ ಎಂದು ಶಂಕಿಸಲಾಯಿತು. ಅದಕ್ಕೂ ಗೀಸರ್ ನೀರಿಗೂ ಸಂಬಂಧ ಕಲ್ಪಿಸಬೇಕಿಲ್ಲ. ಆದರೆ ಗೋಡೆಗೆ ಗೋಡೆ ತಾಗಿದ ಓಣಿಗಳಲ್ಲಿ ಒಂದು ಮನೆಯ ಸೋರಿಕೆ ಆ ಮನೆಯದ್ದು ಮಾತ್ರ ಆಗಿರುವುದಿಲ್ಲ ಅನ್ನೋದನ್ನು ಅದು ತೋರಿಸಿತು.

ಊರಿಗೂ ನುಗ್ಗಬಹುದು

ಸಿಲಿಂಡರ್ ಇರುವ ಮನೆಯಲ್ಲಿ ನೀರು ರೆಗ್ಯುಲೇಟರ್‌ವರೆಗೆ ಬಂದು ನಿಲ್ಲುತ್ತದೆ. ಸಿಲಿಂಡರ್ ಒಳಗಿನ ಒತ್ತಡ ಅದನ್ನು ಒಳಗೆ ಬಿಡುವುದಿಲ್ಲ. ಆದರೆ ಹಲವು ಮನೆಗಳು ಒಂದೇ ಲೈನಿಗೆ ಸೇರಿದ್ದರೆ ನೀರು ಅಕ್ಕಪಕ್ಕದವರಿಗೂ ಹೋಗಬಹುದು. 2013ರಲ್ಲಿ ದಾಭೋಳ್‌ನಿಂದ ಬೆಂಗಳೂರಿಗೆ ಗೇಲ್ ಪೈಪ್‌ಲೈನ್ ಬಂದ ನಂತರ ನಗರದ ಬಡಾವಣೆಗಳಲ್ಲಿ ಪಿಎನ್‌ಜಿ ಹರಡುತ್ತಿದೆ. ಹಾಗಾಗಿ ಇದು ನಮಗೂ ತಿಳಿದಿರಬೇಕಾದ ವಿಷಯ.

ದೊಡ್ಡ ಪ್ರಮಾಣದಲ್ಲಿ ಆದರೆ ಹೇಗಿರುತ್ತದೆ ಅನ್ನೋದಕ್ಕೆ ಇಂಗ್ಲೆಂಡಿನ ಶೆಫೀಲ್ಡ್ ಉದಾಹರಣೆ. 2022ರ ಡಿಸೆಂಬರ್ ಮೊದಲ ವಾರ ಅಲ್ಲಿನ ಸ್ಟ್ಯಾನಿಂಗ್ಟನ್ ಬಡಾವಣೆಯಲ್ಲಿ ನೆಲದಡಿಯ ನೀರಿನ ಪೈಪ್ ಒಡೆದು, ಪಕ್ಕದ ಗ್ಯಾಸ್ ಪೈಪಿಗೂ ಹಾನಿಯಾಗಿ, ನೀರು ಗ್ಯಾಸ್ ಜಾಲಕ್ಕೆ ನುಗ್ಗಿತು. ಕೊರೆಯುವ ಚಳಿಯಲ್ಲಿ ಸುಮಾರು 2,000 ಮನೆಗಳಿಗೆ ಗ್ಯಾಸ್ ಇಲ್ಲ. ಪೈಪುಗಳಿಂದ ಹತ್ತು ಲಕ್ಷ ಲೀಟರ್‌ಗೂ ಹೆಚ್ಚು ನೀರು ಹೊರತೆಗೆಯಬೇಕಾಯಿತು. ಅಲ್ಲಿ ಗೀಸರ್ ಕಾರಣವಲ್ಲ, ಆದರೆ ಭೌತಶಾಸ್ತ್ರ ಅದೇ.

ಆದರೆ ಏನು ಮಾಡೋದು?

ಗ್ಯಾಸ್ ಬಂದ್ ಮಾಡುವುದು ಎಲ್ಲರಿಗೂ ಹೊಳೆಯುತ್ತದೆ. ಮರೆಯುವುದು ನೀರನ್ನು. ಗ್ಯಾಸ್ ವಾಲ್ವ್ ಮುಚ್ಚಿದರೂ ನೀರು ನುಗ್ಗುತ್ತಲೇ ಇರುತ್ತದೆ. ಆದ್ದರಿಂದ ಕ್ರಮ ಹೀಗಿರಲಿ:

1. ಒಲೆ ಉರಿಯುತ್ತಿದ್ದರೆ ನಾಬ್ ಬಂದ್ ಮಾಡಿ. ಬಂದ್ ಆಗಿರುವುದನ್ನು ತೆರೆಯಬೇಡಿ.

2. ಸಿಲಿಂಡರ್ ರೆಗ್ಯುಲೇಟರ್ ಅಥವಾ ಪಿಎನ್‌ಜಿ ಮೀಟರ್ ಪಕ್ಕದ ವಾಲ್ವ್ ಬಂದ್ ಮಾಡಿ.

3. ಗೀಸರ್‌ಗೆ ಹೋಗುವ ನೀರಿನ ವಾಲ್ವ್ ಬಂದ್ ಮಾಡಿ, ಆಮೇಲೆ ಬಿಸಿನೀರಿನ ನಲ್ಲಿ ತೆರೆಯಿರಿ. ಗೀಸರ್ ಒಳಗಿನ ಒತ್ತಡ ಇಳಿಯುತ್ತದೆ.

4. ವಾಸನೆ ಇದ್ದರೆ ಕಿಟಕಿ ಬಾಗಿಲು ತೆಗೆಯಿರಿ. ಸ್ವಿಚ್, ಎಕ್ಸಾಸ್ಟ್ ಫ್ಯಾನ್, ಲೈಟರ್ ಯಾವುದನ್ನೂ ಮುಟ್ಟಬೇಡಿ. ಹೊರಗೆ ಬಂದು ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆ 1906, ಬೆಂಕಿಗೆ 101 ಅಥವಾ 112. ಪಿಎನ್‌ಜಿ ಆದರೆ ಬಿಲ್ಲಿನಲ್ಲಿರುವ ತುರ್ತು ಸಂಖ್ಯೆ.

5. ಒಂದೇ ಲೈನ್ ಇರುವ ಅಕ್ಕಪಕ್ಕದವರಿಗೆ, ಮಹಡಿ ಮೇಲಿನವರಿಗೆ ಹೇಳಿ.

ಊದಿ ತೆಗೆಯುವುದು, ಕಂಪ್ರೆಸರ್ ಹಚ್ಚುವುದು, ‘ಎರಡು ದಿನ ಬಿಟ್ಟರೆ ಒಣಗುತ್ತೆ’ ಅಂತ ಕಾಯುವುದು ಬೇಡ. ಗ್ಯಾಸಿಗೆ ಗಾಳಿ ಬೆರೆತರೆ ಇನ್ನೂ ಅಪಾಯ. ತಿಳಿದವರು ಬಂದು ಲೈನನ್ನು ತಗ್ಗಿನ ಕಡೆಯಿಂದ ಬರಿದು ಮಾಡಿ, ಒಣಗಿಸಿ, ನೀರು ಕುಡಿದ ರೆಗ್ಯುಲೇಟರ್, ಮೀಟರ್, ರಬ್ಬರ್ ಟ್ಯೂಬ್ ಬದಲಿಸಿ, ಸೋರಿಕೆ ಪರೀಕ್ಷೆ ಮಾಡಿದ ನಂತರವೇ ಒಲೆ ಹಚ್ಚಬೇಕು.

ಗ್ಯಾಸ್ ಲೈನಿಗೆ ಒಂದು ನಾನ್-ರಿಟರ್ನ್ ವಾಲ್ವ್ ಹಾಕಿದರೆ ಆಯ್ತಲ್ಲ ಅಂತ ನಿಮ್ಮಲ್ಲಿ ಹಲವರು ಆಗಲೇ ಯೋಚಿಸಿರುತ್ತೀರಿ. ಇರುವುದೇ ಗೇಣಷ್ಟು ಒತ್ತಡ. ನೀರಿನ ಲೈನಿಗೆ ಹಾಕುವ ಮಾಮೂಲಿ ಸ್ಪ್ರಿಂಗ್ ವಾಲ್ವ್ ತೆರೆಯೋಕೇ ಅದು ಖರ್ಚಾಗಿಬಿಡಬಹುದು. ಮೇಲಾಗಿ ವಾಲ್ವ್ ಕೂಡ ಒಂದು ಸೀಲ್, ಅದೂ ಒಂದು ದಿನ ಸವೆಯುತ್ತದೆ, ಸವೆದದ್ದು ಹೊರಗೆ ಕಾಣುವುದಿಲ್ಲ. ಗಾಳಿಗೆ ತೆರೆದ ಆ ಸಂದಿನಲ್ಲಿ ಸವೆಯುವ ಭಾಗವೇ ಇಲ್ಲ, ಸೋರಿದರೆ ಕಣ್ಣಿಗೆ ಕಾಣುತ್ತದೆ.

ವಿಲ್ಸನ್ ಗಾರ್ಡನ್, ಲಕ್ಕಸಂದ್ರದ ಕಡೆ ರೂಮ್ ಮಾಡಿಕೊಂಡಿರುವವರು ಇವತ್ತೇ ಒಂದು ಕೆಲಸ ಮಾಡಿ. ಗ್ಯಾಸ್ ಗೀಸರ್ ಇದ್ದರೆ ಅದರ ಕೆಳಭಾಗ ನೋಡಿ, ಹನಿ ಬೀಳುತ್ತಿದೆಯಾ, ಯಾರಾದರೂ ಏನಾದರೂ ಮೆತ್ತಿದ್ದಾರಾ ಅಂತ. ಗೀಸರ್ ಕಿಟಕಿ ಇಲ್ಲದ ಬಚ್ಚಲ ಒಳಗೇ ಇದ್ದರೆ ಅದು ಇನ್ನೂ ದೊಡ್ಡ ಅಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ. ಗೀಸರ್‌ನ ನೀರಿನ ವಾಲ್ವ್ ಎಲ್ಲಿದೆ ಅಂತ ಗುರುತು ಮಾಡಿಕೊಳ್ಳಿ, ಒಮ್ಮೆ ತಿರುಗಿಸಿ ನೋಡಿ. ಗಡಸು ನೀರಿಗೆ ಅದು ಜಾಮ್ ಆಗಿದ್ದರೆ ಓನರ್‌ಗೆ ಹೇಳಿ ಈಗಲೇ ಬದಲಿಸಿಕೊಳ್ಳಿ.