ಟೆಂಡರ್ ಪೆಟ್ಟಿಗೆ ಹೋಯಿತು, ಬೀಗದ ಕೈ ಯಾರ ಬಳಿ ಇದೆ?

ಹಿಂದೆ ಸರಕಾರಿ ರಸ್ತೆ, ಮೋರಿ, ಶಾಲಾ ಕಟ್ಟಡದ ಕೆಲಸ ಬೇಕಿದ್ದರೆ ಕಚೇರಿಗೆ ಹೋಗಿ ಫಾರಂ ಕೊಳ್ಳಬೇಕಿತ್ತು. ದರ ಬರೆದು, ಲಕೋಟೆಗೆ ಅರಗು ಹಾಕಿ ಪೆಟ್ಟಿಗೆಗೆ ಹಾಕಬೇಕಿತ್ತು. ಫಾರಂ ಯಾರು ಕೊಂಡರು ಅನ್ನೋದು ಗುಟ್ಟಾಗಿ ಉಳಿಯುತ್ತಿರಲಿಲ್ಲ. ಹಾಗಾಗಿ ದೊಡ್ಡ ಗುತ್ತಿಗೆದಾರರು ಒಳಗೊಳಗೇ ಮಾತಾಡಿಕೊಳ್ಳುವುದು, ಹೊಸಬರನ್ನು ಪೆಟ್ಟಿಗೆ ಹತ್ತಿರವೇ ತಡೆಯುವುದು ಸುಲಭವಿತ್ತು.

ಇ-ಟೆಂಡರ್ ಬಂದದ್ದು ಇದಕ್ಕೇ. ಆಂಧ್ರದಲ್ಲಿ 2003ರಲ್ಲಿ, ಕರ್ನಾಟಕದಲ್ಲಿ 2007ರಲ್ಲಿ ಇದು ಶುರುವಾಯಿತು. ಕಾಸರಗೋಡಿನವರು ಬಳಸುವ ಕೇರಳದ ಇ-ಟೆಂಡರ್ ಪೋರ್ಟಲ್ ನಡೆಯುವುದು ಕೇಂದ್ರದ ಎನ್‌ಐಸಿ ತಯಾರಿಸಿದ ಸಾಫ್ಟ್‌ವೇರ್‌ನಲ್ಲಿ. ದರ ಗುಪ್ತಲಿಪಿಯಲ್ಲಿರುತ್ತದೆ, ತೆರೆಯುವ ಸಮಯದ ತನಕ ಅಧಿಕಾರಿಗೂ ಕಾಣುವುದಿಲ್ಲ. ಮಂಜೇಶ್ವರದ ಹುಡುಗನೂ ಮನೆಯಲ್ಲೇ ಕೂತು ದರ ಹಾಕಬಹುದು.

ಆದರೆ ಇದಕ್ಕೆ ಡಿಜಿಟಲ್ ಸಹಿ ಬೇಕು. ಪೆನ್‌ಡ್ರೈವ್‌ನಂತೆ ಕಾಣುವ ಟೋಕನ್ ಮತ್ತು ಅದರ ಪಿನ್, ಇವೆರಡೂ ಸೇರಿದರೆ ಗುತ್ತಿಗೆದಾರನ ಸಹಿ. ಪೋರ್ಟಲ್ ಇಂಗ್ಲಿಷ್‌ನಲ್ಲಿದೆ, ಕಂಪ್ಯೂಟರ್ ಬರುವುದಿಲ್ಲ ಎಂದು ಕೆಲವರು ಟೋಕನ್, ಪಿನ್ ಎರಡನ್ನೂ ಮಧ್ಯವರ್ತಿಯ ಕೈಗೇ ಕೊಟ್ಟುಬಿಡುತ್ತಾರೆ. ಅಪಾಯ ಇರುವುದು ಇಲ್ಲೇ. ಅದೇ ಮಧ್ಯವರ್ತಿಯ ಬಳಿ ನಾಲ್ಕು ಜನರ ಟೋಕನ್ ಇದ್ದರೆ ನಾಲ್ವರ ದರವೂ ಅವನಿಗೆ ಗೊತ್ತು. ಹಳೆಯ ಪೆಟ್ಟಿಗೆಯ ಆಟ ಪುನಃ ಶುರು!

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಪ್ರಕಾರ ಸಹಿಯ ಕೀಲಿಯನ್ನು ಜೋಪಾನ ಮಾಡುವುದು ಅದರ ಮಾಲಕನದೇ ಹೊಣೆ. ಕೀಲಿ ಬೇರೆಯವರ ವಶವಾದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು. ತಿಳಿಸುವ ತನಕ ಜವಾಬ್ದಾರಿ ಅವನ ಮೇಲೆಯೇ. ‘ನಾನು ಹಾಕಿದ್ದಲ್ಲ’ ಅಂದರೆ ಸಾಲದು.

ಕೆಲಸ ಕಲಿಯುವುದು ಕಷ್ಟವೇನಲ್ಲ. ದರಪಟ್ಟಿಯ ಎಕ್ಸೆಲ್ ಫೈಲಿನ ನಮೂನೆ ಬದಲಿಸಬಾರದು. ಠೇವಣಿಯನ್ನು ಕೊನೆಯ ದಿನಕ್ಕೆ ಇಡಬಾರದು, ನೆಫ್ಟ್ ಹಣ ತಲುಪಲು ಸಮಯ ಬೇಕು. ಎಲ್ಲ ಅಪ್‌ಲೋಡ್ ಮಾಡಿದ ಮೇಲೆ ‘ಫ್ರೀಝ್’ ಒತ್ತಿ ರಶೀದಿ ತೆಗೆಯಬೇಕು. ಒತ್ತದಿದ್ದರೆ ಟೆಂಡರ್ ಸಲ್ಲಿಕೆಯಾಗುವುದೇ ಇಲ್ಲ.

ಸಹಾಯ ಪಡೆಯುವುದು ತಪ್ಪಲ್ಲ. ಮನೆಯಲ್ಲಿ ಓದಿದ ಮಗನೋ ಮಗಳೋ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಬಹುದು. ಯಾರೇ ಸಹಾಯ ಮಾಡಲಿ, ಪಿನ್ ಒತ್ತುವ ಬೆರಳು ಮಾತ್ರ ಗುತ್ತಿಗೆದಾರನದ್ದೇ ಆಗಿರಬೇಕು. ಕೆಲಸ ಮುಗಿದ ಕೂಡಲೇ ಟೋಕನ್ ಅವನ ಜೇಬಿಗೆ ಮರಳಬೇಕು.