ನೋಯದ ಗಂಟನ್ನು ನಂಬಿ ಕೂರುವ ಮೊದಲು

ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಕಡೆ ಮೈಮೇಲೆ ಗಂಟು ಕಂಡರೆ ಮೊದಲು ಕೇಳುವುದು, ‘ನೋವೈತೇನು?’ ಇಲ್ಲ ಎಂದರೆ ‘ಹಂಗಾರ ಬಿಡ್ರಿ, ಕೊಬ್ಬಿನ ಗಂಟು’ ಎಂದು ಮಾತು ಮುಗಿಯುತ್ತದೆ. ನಾಟಿಯ ದಿನಗಳಲ್ಲಿ, ಅಕ್ಕಿ ಗಿರಣಿಯ ಹಮಾಲಿ ಕೆಲಸದ ನಡುವೆ, ದುಡಿಮೆಗೆ ಅಡ್ಡ ಬಾರದ ಗಂಟಿಗಾಗಿ ಆಸ್ಪತ್ರೆ ಹತ್ತಲು ಯಾರಿಗೆ ಪುರಸೊತ್ತಿದೆ?

ಮೃದು ಅಂಗಾಂಶದ ಕ್ಯಾನ್ಸರ್ ವಿಷಯದಲ್ಲಿ ಈ ಲೆಕ್ಕವೇ ತಲೆಕೆಳಗು. ಸ್ನಾಯು, ಕೊಬ್ಬು, ನರ, ರಕ್ತನಾಳಗಳಲ್ಲಿ ಹುಟ್ಟುವ ಈ ರೋಗಕ್ಕೆ ವೈದ್ಯರು ಸಾರ್ಕೋಮಾ ಎನ್ನುತ್ತಾರೆ. ಬಹುತೇಕ ರೋಗಿಗಳಲ್ಲಿ ಅದು ನೋವಿಲ್ಲದೆಯೇ ಬೆಳೆಯುತ್ತದೆ. ನರವನ್ನೋ ಮೂಳೆಯನ್ನೋ ಒತ್ತುವಷ್ಟು ದೊಡ್ಡದಾದ ಮೇಲೆ ನೋವು ಶುರುವಾಗುವುದೇ ಹೆಚ್ಚು. ತೊಡೆಯಂಥ ದಪ್ಪ ಸ್ನಾಯುವಿನಲ್ಲಿ, ಹೊಟ್ಟೆಯ ಹಿಂಭಾಗದಲ್ಲಿ ಅದಕ್ಕೆ ಅಡಗಲು ಬೇಕಾದಷ್ಟು ಜಾಗ.

ಹಾಗೆಂದು ಎಲ್ಲ ಗಂಟಿಗೂ ಹೆದರಬೇಕಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ನಿಜಕ್ಕೂ ನಿರಪಾಯಕಾರಿ. ದೊಡ್ಡವರ ಕ್ಯಾನ್ಸರ್‌ಗಳಲ್ಲಿ ಸಾರ್ಕೋಮಾದ ಪಾಲು ಶೇ 1ರಷ್ಟು ಮಾತ್ರ. ನೋಡಬೇಕಾದ್ದು ಗಾತ್ರ, ಆಳ, ಬೆಳವಣಿಗೆ. ಲಿಂಬೆಹಣ್ಣಿನಷ್ಟು, ಎಂದರೆ 5 ಸೆಂ.ಮೀ. ಆಗಿದೆಯೇ? ಚರ್ಮದ ಕೆಳಗೆ ಜಾರಾಡದೆ, ಸ್ನಾಯು ಬಿಗಿ ಹಿಡಿದಾಗ ಅಲುಗಾಡದೆ ನಿಲ್ಲುತ್ತದೆಯೇ? ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಿದೆಯೇ? ಒಮ್ಮೆ ತೆಗೆಸಿದ್ದು ಅದೇ ಜಾಗದಲ್ಲಿ ಮತ್ತೆ ಎದ್ದಿದೆಯೇ? ಇವುಗಳಲ್ಲಿ ಒಂದಕ್ಕೆ ಹೌದು ಎಂದರೂ ತೋರಿಸಲೇಬೇಕು, ನೋವಿರಲಿ ಬಿಡಲಿ. ‘ನಮ್ಮ ಹುಡುಗನಿಗೆ ಈ ವಯಸ್ಸಿನಲ್ಲಿ ಎಲ್ಲಿಯ ಕ್ಯಾನ್ಸರ್’ ಎನ್ನುವಂತೆಯೂ ಇಲ್ಲ. ಸಾರ್ಕೋಮಾದ ಕೆಲವು ಬಗೆಗಳು ಬರುವುದೇ ಮಕ್ಕಳಿಗೆ, ಹರೆಯದವರಿಗೆ.

‘ಚೀಲ ಬಿದ್ದು ಪೆಟ್ಟಾಗಿತ್ತು, ರಕ್ತ ಹೆಪ್ಪುಗಟ್ಟಿದೆ’ ಎಂಬುದು ಇನ್ನೊಂದು ಮಾತು. ಪೆಟ್ಟಿನಿಂದ ಈ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಮೊದಲೇ ಇದ್ದ ಗಂಟಿನ ಕಡೆ ಪೆಟ್ಟು ಗಮನ ಸೆಳೆಯುತ್ತದೆ, ಅಷ್ಟೇ. ಹೆಪ್ಪುಗಟ್ಟಿದ ರಕ್ತ ಸಾಮಾನ್ಯವಾಗಿ ವಾರಗಳಲ್ಲಿ ಕರಗುತ್ತಾ ಬರಬೇಕು. ಎಣ್ಣೆ ತಿಕ್ಕಿದರೂ ಪಟ್ಟು ಹಾಕಿದರೂ ಕರಗದೆ ಬೆಳೆಯುವುದು ಪೆಟ್ಟಿನ ಬಾವಲ್ಲ.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ, ‘ಸೂಜಿ ತಾಗಿದ್ರ ಹಬ್ಬತೈತಿ’ ಎಂಬುದು. ಸ್ಕ್ಯಾನ್ ಮಾಡಿದ ಮೇಲೆ, ಮುಂದಿನ ಆಪರೇಷನ್‌ಗೆ ಹೊಂದುವ ಜಾಗದಲ್ಲಿ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸುವುದು (ಬಯಾಪ್ಸಿ) ರೋಗ ಗುರುತಿಸುವ ಸರಿಯಾದ ದಾರಿ. ರಕ್ತಪರೀಕ್ಷೆಯಿಂದ ಇದು ತಿಳಿಯದು. ನಿಜವಾಗಿ ಕೆಡುವುದು ಬೇರೆ ಕಡೆ: ಸ್ಕ್ಯಾನೂ ಇಲ್ಲ, ಬಯಾಪ್ಸಿಯೂ ಇಲ್ಲ, ಕೊಬ್ಬಿನ ಗಂಟೆಂದು ಅರ್ಧ ಗಂಟೆಯಲ್ಲಿ ಕೊಯ್ದು, ತೆಗೆದದ್ದನ್ನು ಲ್ಯಾಬಿಗೂ ಕಳಿಸದೆ ಬಿಸಾಡಿದಾಗ. ಕ್ಯಾನ್ಸರ್ ಕೋಶಗಳು ಆ ಜಾಗದಲ್ಲಿ ಉಳಿದುಬಿಡುತ್ತವೆ, ಎರಡನೆಯ ಆಪರೇಷನ್ ಮೊದಲಿನದಕ್ಕಿಂತ ದೊಡ್ಡದಾಗುತ್ತದೆ. ಆಮೇಲೆ ಬೈಸಿಕೊಳ್ಳುವುದು ಮಾತ್ರ ಸೂಜಿ. ತೆಗೆಸಿದ ಗಂಟು ಯಾವುದೇ ಇರಲಿ, ಲ್ಯಾಬ್ ವರದಿ ಕೇಳಿ ಪಡೆಯಿರಿ.

‘ಕಾಲು ಕಡೀತಾರ’ ಎಂಬ ಭಯಕ್ಕೂ ಒಂದು ಕಾಲದಲ್ಲಿ ಕಾರಣವಿತ್ತು. 1982ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 43 ರೋಗಿಗಳ ಅಧ್ಯಯನ ಪ್ರಕಟಿಸಿತು. ಕೈಕಾಲು ಕತ್ತರಿಸಿದವರಿಗೂ, ಗಂಟನ್ನಷ್ಟೇ ತೆಗೆದು ವಿಕಿರಣ ಕೊಟ್ಟವರಿಗೂ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಪರಿಣತ ಕೇಂದ್ರಗಳಲ್ಲಿ ಇಂದು ಹತ್ತರಲ್ಲಿ ಒಂಬತ್ತು ಜನರ ಕೈಕಾಲು ಉಳಿಯುತ್ತದೆ. ಹುಟ್ಟಿದ ಜಾಗದಲ್ಲೇ ಇರುವಾಗ ಪತ್ತೆಯಾದರೆ 100ರಲ್ಲಿ ಸುಮಾರು 80 ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ 20ಕ್ಕಿಂತ ಕಡಿಮೆ. ಇವು ಅಮೆರಿಕದ ಅಂಕಿಗಳು, ಆದರೂ ತಡಮಾಡಿದರೆ ಏನಾಗುತ್ತದೆಂದು ತಿಳಿಯಲು ಸಾಕು.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಗಂಗಾವತಿಯ ಸರ್ಕಾರಿ ಆಸ್ಪತ್ರೆಯಲ್ಲೋ ಕೊಪ್ಪಳದ ವೈದ್ಯಕೀಯ ಕಾಲೇಜಿನಲ್ಲೋ ತೋರಿಸಿ, ರೆಫರಲ್ ಪತ್ರ ಬರೆಸಿಕೊಂಡು ಮುಂದೆ ಹೋಗುವುದು ಸಲೀಸು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿದೆ.

ಆಪರೇಷನ್ ಆಯಿತು, ಇನ್ನೇನು ಎಂದು ಊರಿಗೆ ಬಂದವರು ತಪಾಸಣೆ ಬಿಡುವುದುಂಟು. ‘ತೊಡೆಗೆ ಆಪರೇಷನ್, ಎದೆಗ್ಯಾಕ ಸ್ಕ್ಯಾನು?’ ಎಂದು ಕೇಳುತ್ತಾರೆ. ಈ ರೋಗ ರಕ್ತದಲ್ಲಿ ಸಾಗಿ ಹೆಚ್ಚಾಗಿ ಮೊದಲು ಸೇರುವುದು ಶ್ವಾಸಕೋಶವನ್ನು, ಅದೂ ಬಹುತೇಕ ಮೊದಲ ಎರಡು ಮೂರು ವರ್ಷಗಳಲ್ಲಿ. ಅಲ್ಲಿ ಒಂದೆರಡು ಸಣ್ಣ ಗಂಟುಗಳಷ್ಟೇ ಇರುವಾಗ ಕಣ್ಣಿಗೆ ಬಿದ್ದರೆ, ಅವನ್ನೂ ಆಪರೇಷನ್ ಮಾಡಿ ತೆಗೆಯಲು ಎಷ್ಟೋ ಸಲ ಸಾಧ್ಯವಾಗುತ್ತದೆ.