ಘಾಟಿನ ನರ, ತಲೆನೋವಿನ ವಂಶವಾಹಿ

ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಯ ಹತ್ತಿರ ಹಾದವರಿಗೆ ಘಾಟು ಅಂದರೇನು ಎಂದು ಹೇಳಬೇಕಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿನ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ಚೀಲ ಸುರಿದಾಗ ಮೂಗು, ಕಣ್ಣು ಉರಿಯುತ್ತವೆ. ಆ ಉರಿಯನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ನರ. ಅರೆತಲೆನೋವು, ಅಂದರೆ ಮೈಗ್ರೇನ್, ಹಾಯುವುದೂ ಇದೇ ನರದ ದಾರಿಯಲ್ಲಿ.

ಖಾರ ತಗುಲಿದಾಗ ನರದಲ್ಲಿ ತೆರೆದುಕೊಳ್ಳುವ ಬಾಗಿಲನ್ನು ಡೇವಿಡ್ ಜೂಲಿಯಸ್ ತಂಡ 1997ರಲ್ಲಿ ಪತ್ತೆಹಚ್ಚಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಇದಕ್ಕೆ ತದ್ವಿರುದ್ಧ ಕೆಲಸದ ಬಾಗಿಲುಗಳೂ ಇವೆ. ಅವು ಪೊಟ್ಯಾಸಿಯಂ ಅನ್ನು ಹೊರಬಿಟ್ಟು ನರಕೋಶವನ್ನು ತಣ್ಣಗಿಡುತ್ತವೆ. ಅಂಥದ್ದೊಂದು 2003ರಲ್ಲಿ ಜಪಾನಿನ ವಿಜ್ಞಾನಿಗಳಿಗೆ ಮನುಷ್ಯರ ಬೆನ್ನುಹುರಿಯಲ್ಲಿ ಸಿಕ್ಕಿತು: ಹೆಸರು ಟ್ರೆಸ್ಕ್, ಅದರ ವಂಶವಾಹಿ ಕೆಸಿಎನ್‌ಕೆ18. ಚೀನಾದ ಸಿಚುವಾನ್ ಮೆಣಸು ನಾಲಿಗೆಯನ್ನು ಜುಮ್ಮೆನಿಸುವುದು ಇಂಥ ಬಾಗಿಲುಗಳನ್ನು ಮುಚ್ಚಿಯೇ ಎಂದು 2008ರಲ್ಲಿ ತೋರಿಸಿದ್ದೂ ಜೂಲಿಯಸ್ ಪ್ರಯೋಗಾಲಯ. ಆ ಮೆಣಸಿನ ದಾಯಾದಿಯೇ ನಮ್ಮ ಘಟ್ಟದ ಜುಮ್ಮನಕಾಯಿ. ಕರಾವಳಿಯ ಮೀನುಸಾರಿನಲ್ಲಿ ಅದೂ ಬ್ಯಾಡಗಿ ಮೆಣಸೂ ಒಟ್ಟಿಗೇ ಬೀಳುತ್ತವೆ!

ತಲೆನೋವಿನ ಕಥೆ ತಿರುವು ಪಡೆದದ್ದು 2010ರಲ್ಲಿ. ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡು ಆಮೇಲೆ ನೋವು ಬರುವ ಮೈಗ್ರೇನ್ ತಲೆಮಾರುಗಳಿಂದ ಹರಿದುಬಂದಿದ್ದ ದೊಡ್ಡ ಕುಟುಂಬವೊಂದನ್ನು ಮಾಂಟ್ರಿಯಲ್‌ನ ಗೈ ರೂಲೋ, ಆಕ್ಸ್‌ಫರ್ಡ್‌ನ ಜಮೀಲ್ ಕೇಡರ್ ಮತ್ತು ಜೊತೆಗಾರರು ಪರೀಕ್ಷಿಸಿದರು. ನೋವಿದ್ದವರೆಲ್ಲರ ಕೆಸಿಎನ್‌ಕೆ18ರಲ್ಲಿ ಎರಡು ಅಕ್ಷರ ಬಿದ್ದುಹೋಗಿದ್ದವು. ಜೀವಕೋಶ ಈ ಬರಹವನ್ನು ಮೂರು ಮೂರು ಅಕ್ಷರ ಕೂಡಿಸಿ ಓದುತ್ತದೆ. ಎರಡು ಹೋದರೆ ಮುಂದಿನದೆಲ್ಲ ತಪ್ಪು. 384 ಅಮೈನೋ ಆಮ್ಲಗಳ ಪ್ರೋಟೀನು 139ನೆಯದರಲ್ಲಿ ಹಳಿತಪ್ಪಿ, ಅರ್ಧಕ್ಕೂ ಮೊದಲೇ ಮುಗಿಯುತ್ತಿತ್ತು. ಎರಡು ಪ್ರೋಟೀನು ಜೋಡಿಯಾದರೆ ಮಾತ್ರ ಒಂದು ಟ್ರೆಸ್ಕ್. ಜೋಡೆತ್ತಿನಲ್ಲಿ ಒಂದು ಕುಂಟಿದರೂ ಬಂಡಿ ನಿಲ್ಲುವಂತೆ, ತಂದೆತಾಯಿಯಲ್ಲಿ ಒಬ್ಬರಿಂದ ಬಂದ ಕೆಟ್ಟ ಪ್ರತಿಯೇ ಒಳ್ಳೆಯದನ್ನೂ ಕಟ್ಟಿಹಾಕುತ್ತಿತ್ತು.

‘ಮೈಗ್ರೇನ್ ವಂಶವಾಹಿ’ ಸಿಕ್ಕೇಬಿಟ್ಟಿತು ಅನ್ನುವುದು ಅವಸರದ ಮಾತಾಗಿತ್ತು. ಟ್ರೆಸ್ಕ್ ಅನ್ನು ಅಷ್ಟೇ ಕೆಡಿಸುವ ಸಿ110ಆರ್ ಎಂಬ ಇನ್ನೊಂದು ಬದಲಾವಣೆ ಮೈಗ್ರೇನ್ ಇಲ್ಲದವರಲ್ಲೂ ಕಂಡಿತು. ಹಾಗಾದರೆ ಆ ಕುಟುಂಬದ ನೋವಿಗೆ ಕಾರಣವೇನು?

ಉತ್ತರ ಕೊಟ್ಟದ್ದು ಫ್ರಾನ್ಸಿನ ನೀಸ್‌ನ ಗಿಯೋಮ್ ಸಾಂಡೋಝ್ ತಂಡ, 2019ರಲ್ಲಿ. ನನಗೆ ಇಡೀ ಕಥೆಯಲ್ಲಿ ಹೆಚ್ಚು ಇಷ್ಟವಾಗುವ ಭಾಗವೂ ಇದೇ. ಅಕ್ಷರ ಬಿದ್ದಾಗ ಪ್ರೋಟೀನು ತುಂಡಾಗುವುದಷ್ಟೇ ಅಲ್ಲ, ನಡುವೆ ಓದು ಹೊಸದಾಗಿ ಶುರುವಾಗಿ ಎರಡನೆಯ ತುಂಡೂ ತಯಾರಾಗುತ್ತದೆ. ಅದು ಟ್ರೆಕ್-1, ಟ್ರೆಕ್-2 ಎಂಬ ಬೇರೆ ಪೊಟ್ಯಾಸಿಯಂ ಬಾಗಿಲುಗಳಿಗೆ ಅಂಟಿಕೊಂಡು ಅವನ್ನೂ ಅಡಗಿಸುತ್ತದೆ. ಆಗ ಟ್ರೈಜೆಮಿನಲ್ ನರಕೋಶ ಕೆರಳುತ್ತದೆ. ಸಿ110ಆರ್‌ನಲ್ಲಿ ಈ ಎರಡನೆಯ ತುಂಡು ಹುಟ್ಟುವುದೇ ಇಲ್ಲ.

ಆದರೂ ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ತಾಯಿಗಿದ್ದ ಅರೆತಲೆನೋವು ಮಗಳಿಗೂ ಬಂದರೆ ಟ್ರೆಸ್ಕ್ ಮೇಲೆ ಅನುಮಾನಪಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. 1 ಲಕ್ಷಕ್ಕೂ ಹೆಚ್ಚು ಮೈಗ್ರೇನ್ ರೋಗಿಗಳ ಡಿಎನ್‌ಎ ಜಾಲಾಡಿದ 2022ರ ಅಧ್ಯಯನ ಅಪಾಯ ಹೆಚ್ಚಿಸುವ 123 ತಾಣಗಳನ್ನು ಗುರುತಿಸಿತು. ಬಹುತೇಕ ಒಂದೊಂದರ ಪಾಲೂ ತೀರಾ ಸಣ್ಣದು.